ಕಾಲು ಊರದ ಏರು

ಸೈಕಲ್ ಹತ್ತಿ ಊರು ಬಿಟ್ಟು ಹೊಂಟ ಮನಶಾನ ಬೆನ್ನಿಗೆ ಒಂದಲ್ಲ ಒಂದು ಫಜೀತಿ ಕ್ಯಾರಿಯರ್ ಮ್ಯಾಲೆ ಕುಂತು ಬಂದ ಬರ್ತೈತಿ ನೋಡ್ರಿ. ಇಳಿ ಅಂದ್ರ ಇಳಿಯಾಂಗಿಲ್ಲ. ನಾ ಭಾಳ ಸಾಲಿ ಕಲ್ತಾಂವಲ್ಲ. ಮೂರನೇತ್ತದಾಗ ಮಾಸ್ತರು ನನ್ನ ಬಿಟ್ರೋ ನಾ ಮಾಸ್ತರನ್ನ ಬಿಟ್ನೋ, ಅದಿನ್ನೂ ತೀರ್ಮಾನ ಆಗಿಲ್ಲ. ಆದ್ರ ಸೈಕಲ್ಲಿನ ಮಾತು ಬಂದ್ರ ನನ್ನ ಮುಂದ ಬಾಯಿ ತಗಿಯೂ ಗಂಡಸು ಧಾರವಾಡದಾಗ ಆಗೂ ಇದ್ದಿಲ್ಲ, ಈಗೂ ಇಲ್ಲ.

ಮೈಸೂರು ರಾಜ್ಯ ಒಂದಾದ ಹೊಸದು. ಹುಬ್ಬಳ್ಳಿ ಬ್ಯಾರೆ, ಧಾರವಾಡ ಬ್ಯಾರೆ ಇದ್ದ ಕಾಲ. ನಾ ಒಂದು ಪೇಢೆ ಅಂಗಡ್ಯಾಗ ಆಳು. ತಗಡಿನ ಡಬ್ಬಿ ಕ್ಯಾರಿಯರಿಗೆ ಬಿಗದು, ಮುಗದ ಅನ್ನೂ ಊರು ದಾಟಿ, ಪಡುವಣ ಗುಡ್ಡದ ಹಳ್ಳಿಗಳಿಗೆ ಪೇಢೆ ಮುಟ್ಟಿಸೂದು ನನ್ನ ಕೆಲಸ. ಮುಗದದ ಕೆರಿ ಹಿಂದ ಬಿತ್ತಂದ್ರ ಡಾಂಬರಿನ ಹೆಸರಿಲ್ಲ. ಕೆಂಪು ಗರಸಿನ ರಸ್ತೆ, ಎರಡೂ ಕಡೆ ಕಾಡು, ಗಾಲಿ ಕೆಳಗ ಹುರಗಡ್ಲಿ ಅಗದಂಗ ಗರಗರ ಸಪ್ಪಳ. ದಿನಕ್ಕ ಒಂದು ಎತ್ತಿನ ಗಾಡಿ, ಎರಡು ನವಿಲು ಎದುರಿಗೆ ಬಂದ್ರ ಅವತ್ತು ಸಂತಿ ಇರಬೇಕು ಅಂತ ತಿಳ್ಕೋತಿದ್ನಿ.

ಮಾಳಮಡ್ಡಿಯ ಕೋಟು

ಗುಡ್ಡದ ರಸ್ತೆ ನನಗ ಯಾಕ ಅಷ್ಟು ಸೇರ್ತಿತ್ತು ಅಂದ್ರ, ಅಲ್ಲಿ ಹಿರ್ಯಾರು ಇರ್ತಿದ್ದಿಲ್ಲ. ಆಗಿನ ರಿವಾಜ ನಿಮಗ ಗೊತ್ತಿಲ್ಲ. ಹಿರೇ ಮನಶಾ ಎದುರಿಗೆ ಬಂದ್ರ ಸೈಕಲ್ ಮ್ಯಾಲೆ ಕುಂತು ಹೋಗಬಾರದು. ಇಳೀಬೇಕು, ನಮಸ್ಕಾರ್ರಿ ಅನಬೇಕು, ನಾಕು ಹೆಜ್ಜಿ ತಳ್ಕೊಂಡು ಹೋಗಬೇಕು, ಆಮ್ಯಾಲೆ ಹತ್ತಬೇಕು. ಹಂಗ ಕುಂತ ಹೋದ್ರ ನಮಗಿಂತ ಮೊದಲ ಚಾಡಿ ಮನಿ ಮುಟ್ಟತಿತ್ತು.

ಇನ್ನ ಧಾರವಾಡದಾಗಿನ ಮಾಳಮಡ್ಡಿ ಅಂದ್ರ ಕೇಳಬ್ಯಾಡ್ರಿ. ಮನಿಗೊಬ್ಬ ಮಾಸ್ತರು, ಕಟ್ಟಿಗೊಬ್ಬ ಪಿಂಚಣಿದಾರ. ಒಂದು ಓಣಿ ದಾಟೂದ್ರಾಗ ಹನ್ನೊಂದು ಸಲ ಇಳೀತಿದ್ನಿ. ಸೈಕಲ್ ನನ್ನ ಹೊತ್ತಿದ್ದಕ್ಕಿಂತ ನಾ ಅದನ್ನ ತಳ್ಳಿದ್ದ ಹೆಚ್ಚು.

ಒಂದಿನ ಮುಂಜಾನಿ ದಟ್ಟ ಮಂಜು. ಮೂಲಿ ಮನಿ ಅಂಗಳದಾಗ ಕರೇ ಕೋಟು, ಅದರ ಮ್ಯಾಲೆ ಕರೇ ಟೊಪ್ಪಿಗಿ. ನಮ್ಮ ಹಳೇ ಮಾಸ್ತರು! ಅವ್ರು ಹಿಂಡಿದ ಕಿವಿ ಥಂಡಿ ದಿನದಾಗ ಇನ್ನೂ ನೋಯ್ತಿತ್ತು. ಗಪ್ಪನ ಇಳದ್ನಿ.

"ನಮಸ್ಕಾರ್ರಿ ಮಾಸ್ತರ."

ಮಾತಿಲ್ಲ.

"ಆರಾಮ ಅದೀರೇನ್ರಿ?"

ಮಾತಿಲ್ಲ. ಹಳೇ ಸಿಟ್ಟು ಇನ್ನೂ ಹೋಗಿಲ್ಲ ಅಂತ ತಿಳದು ಸೈಕಲ್ ಕಂಪೌಂಡಿಗೆ ಆನಿಸಿ ಎರಡೂ ಕೈ ಮುಗದ್ನಿ. "ಸಾಲಿ ಬಿಟ್ಟಿದ್ದು ತಪ್ಪಾತ್ರಿ ಮಾಸ್ತರ. ಮಗ್ಗಿ ಈಗೂ ಹೇಳ್ತೇನಿ ಬೇಕಾದ್ರ. ಎರಡೊಂದ್ಲೆ ಎರಡು..."

ಏಳರ ಮಗ್ಗಿ ತನಕ ಬಂದು ಅಲ್ಲಿ ಸಿಕ್ಕೊಂಡ್ನಿ. ಅಷ್ಟ್ರಾಗ ಗಾಳಿ ಬೀಸ್ತು. ಮಾಸ್ತರು ಹಗ್ಗದ ಮ್ಯಾಲೆ ಗರ್ರನ ತಿರಗಿದ್ರು. ಒಣ ಹಾಕಿದ ಕೋಟು! ಕೋಟಿನ ಹಿಂದಿನ ಗೂಟಕ್ಕ ಟೊಪ್ಪಿಗಿ! ಒಳಗ ಕಿಡಕ್ಯಾಗಿಂದ ಖರೇ ಮಾಸ್ತರ ಧ್ವನಿ ಬಂತು: "ಹೋಗೋ ಹೋಗು! ಸಾಲ್ಯಾಗ ನನಗ ಒಪ್ಪಿಸದ ಮಗ್ಗಿ ನನ್ನ ಕೋಟಿಗಾದ್ರೂ ಒಪ್ಪಿಸಿದಿ. ಏಳೇಳ್ಲೆ ಎಷ್ಟು ಅಂತ ನಾಳೆ ಬಂದು ಟೊಪ್ಪಿಗಿಗೆ ಹೇಳು!"

ಕೂಡಿದ ಪೇಢೆ

ಗುಡ್ಡದ ತುದಿಗೆ ಒಂದು ಹಳ್ಳಿ. ನಾವು ಮ್ಯಾಲಿನೂರು ಅಂತಿದ್ವಿ. ಅಲ್ಲಿ ಒಬ್ಬಾಂವ ಎತ್ತಿನ ಗಾಡ್ಯಾಗ ಕಾಡಿನ ಬಿದಿರು ಹೇರಿ ಧಾರವಾಡಕ್ಕ ಹೊಡೀತಿದ್ದ. ಎಲ್ಲಾರೂ ಗಾಡಿ ಕಾಕಾ ಅಂತ ಕರೀತಿದ್ರು. ಎತ್ತರದ ಮನಶಾ, ದಪ್ಪ ಮೀಸಿ, ನಗೂದು ಅಂದ್ರ ಏನಂತ ಗೊತ್ತಿಲ್ಲ. ಅವನ ಹಿರೇ ಮಗಳ ನಿಶ್ಚಯಕ್ಕ ನಮ್ಮ ಅಂಗಡ್ಯಾಗ ನೂರು ಪೇಢೆ ಹೇಳಿದ್ದ.

ಬ್ಯಾಸಗಿ. ರಣರಣ ಬಿಸಲು. ಹೊತ್ತಾತು ಅಂತ ನಾ ಗರಸಿನ ಮ್ಯಾಲೆ ಕುದರಿ ಬಿಟ್ಟಂಗ ಬಿಟ್ಟಿದ್ನಿ. ಡಬ್ಬಿ ಹಿಂದ ಧಡಧಡ, ಧಡಧಡ. ನಾ ತಿಳದ್ನಿ, ಪೇಢೆ ಖುಷೀಲೆ ಕುಣ್ಯಾಕತ್ತಾವ ಅಂತ.

ಬೀಗರೆಲ್ಲಾ ಕುಂತಾರ. ಕಾಕಾ ಡಬ್ಬಿ ಮುಚ್ಚಳ ತಗದ. ಒಳಗ ನೋಡಿದ. ನನ್ನ ನೋಡಿದ.

"ತಮ್ಮಾ, ನೂರು ಹೇಳಿದ್ನಿ."

"ಹೌದ್ರಿ ಕಾಕಾರ."

"ಇದು ಒಂದೈತಿ."

ಬಗ್ಗಿ ನೋಡ್ತೀನಿ, ಬಿಸಲಿಗೆ ಮೆತ್ತಗಾಗಿ, ಬಡತಕ್ಕ ಕೂಡಿ, ನೂರು ಪೇಢೆ ಒಂದ ಪೇಢೆ ಆಗ್ಯಾವ! ಡಬ್ಬಿ ಆಕಾರಕ್ಕ ಸರಿಯಾಗಿ ಗುಂಡಗ ಬೀಸೂಕಲ್ಲಿನಂಗ ಕುಂತೈತಿ.

"ನೂರೂ ಇದ್ರಾಗ ಅದಾವ್ರಿ ಕಾಕಾರ," ಅಂದ್ನಿ. "ಬಿಡಿಬಿಡಿಯಾಗಿ ಕಾಣಾಂಗಿಲ್ಲ ಅಷ್ಟ."

ಕಾಕಾನ ಮೀಸಿ ಎರಡೂ ಕಡೆ ಎದ್ದು ನಿಂತ್ವು. ಗಂಡಿನ ಕಡೆ ಹಿರ್ಯಾ ಒಬ್ಬ ಕೇಳಿದ, "ಇದ್ಯಾವ ಪದ್ಧತಿ ಮಾರಾಯ್ರ?" 

ಆಗ ಒಳಗಿಂದ ಟಕ್ ಟಕ್ ಅಂತ ಬಿದಿರಿನ ಕೋಲು ಊರ್ಕೋತ ಅಜ್ಜಿ ಬಂದ್ಳು. ಕಾಕಾನ ಅವ್ವ. ಬಾಯಾಗ ಒಂದ ಹಲ್ಲಿಲ್ಲ, ಎತ್ತಿಗೂ ಅದ ಕೋಲು, ಮಗನಿಗೂ ಅದ ಕೋಲು. ಡಬ್ಬ್ಯಾಗ ನೋಡಿ ಹೇಳಿದ್ಳು, "ಇದು ನಮ್ಮ ಮನಿ ಪದ್ಧತಿ ಯಪ್ಪಾ. ಎರಡು ಮನಿ ಹಿಂಗ ಕೂಡಿ ಒಂದಾಗಬೇಕು. ಈಳಗಿ ತರ್ರಿ!"

ಈಳಗೀಲೆ ಕೊಯ್ದು ಹಂಚಿದ್ರು. ಬೀಗರು ಅಷ್ಟು ಖುಷಿ ಆದ್ರು ಅಂದ್ರ, ಮುಂದ ಅವರ ಮನಿ ಲಗ್ನಕ್ಕೂ ಅದ ಬೇಕು ಅಂತ ಅಂಗಡಿಗೆ ಹೇಳಿ ಕಳಿಸಿದ್ರು. ನಮ್ಮ ಸಾವಕಾರ ಬಾಣಲಿ ಮುಂದ ಎರಡು ದಿನ ಒದ್ದಾಡಿದ. ಆಗಲಿಲ್ಲ. ಕಡೀಕ ನೂರು ಪೇಢೆ ಡಬ್ಬಿಗೆ ಹಾಕಿ ನನ್ನ ಕೈಯಾಗ ಕೊಟ್ಟ: "ಹೋಗಲೇ, ಮ್ಯಾಲಿನೂರಿಗೆ ಹೋಗಿ ಹೊಳ್ಳಿ ಬಾ. ಇದಕ್ಕ ಒಲಿ ಸಾಕಾಗಾಂಗಿಲ್ಲ, ಗರಸ ಬೇಕು!"

ಮಲಗೂ ವಸ್ತು

ಅವತ್ತು ಪೇಢೆ ಕೊಯ್ಯೂ ಮುಂದ ಬಾಗಲ ಹಿಂದಿಂದ ಒಂದು ನಗಿ ಕೇಳಿತ್ತು. ಕಾಕಾನ ಸಣ್ಣ ಮಗಳು. ಆ ನಗಿ ನನ್ನ ಕಿವ್ಯಾಗ ಹೊಕ್ಕು ಹೊರಗ ಬರಲೇ ಇಲ್ಲ. ನಮ್ಮ ಮಂದೀನ, ಬಳಗಾನೂ ಕೂಡ್ತಿತ್ತು. ನಮ್ಮಪ್ಪ ಹೋಗಿ ಹೆಣ್ಣು ಕೇಳಿದ. ಕಾಕಾ ನನ್ನ ಸೈಕಲ್ ಕಡೆ ಬಟ್ಟು ಮಾಡಿದ.

"ಎತ್ತು ಬಿಚ್ಚಿದ ಮ್ಯಾಲೂ ನನ್ನ ಗಾಡಿ ನಿಂತಿರ್ತೈತಿ. ಇಂವ ಇಳದ್ರ ಇವನ ಸೈಕಲ್ ಮಲಗ್ತೈತಿ. ಮಲಗೂ ವಸ್ತು ನಂಬಿ ಅಡ್ಡ್ಯಾಡಾಂವಗ ನಾ ಮಗಳ್ನ ಕೊಡಾಂಗಿಲ್ಲ."

ನನಗ ಸಿಟ್ಟು ಬಂತು. "ಕಾಕಾರ, ನಿಮ್ಮ ಎತ್ತು ಉಬ್ಬಸ ಬಿಟ್ಟು ಏರೂ ಏರನ್ನ ನಾ ಹಾಡ್ಕೋತ ಏರ್ತೇನಿ!"

"ಏರ್ತೀ?"

"ಏರ್ತೇನಿ!"

"ಹಂಗಾರ ಕೇಳು. ಕೆಳಗಿನ ಹಳ್ಳದಿಂದ ಮ್ಯಾಲಿನ ಆಲದ ಗಿಡದ ತನಕ ಕಾಲು ಊರದ ಬರಬೇಕು. ಬಂದ್ರ ಹುಡುಗಿ ನಿನ್ನಾಕಿ. ದೀಪಾವಳಿ ಪಾಡ್ಯದ ತನಕ ಟೈಮು. ಪಾಡ್ಯದ ದಿವಸ ಹುಬ್ಬಳ್ಳಿಂದ ಒಂದು ಗಂಡು ನೋಡಾಕ ಬರಾಕತ್ತೈತಿ."

ಆ ಏರು ಸುಮಾರಿಂದಲ್ಲ. ನಟ್ಟ ನಡುವ ಒಂದು ಹೊರಳು, ಕಡಿದಾದ ತಿರುವು ಐತಿ, ಅಲ್ಲಿ ಎತ್ತು ಸುದ್ದಾ ನಿಂತು ದೇವರನ್ನ ನೆನಸ್ತಾವ. ಆದ್ರ ನನ್ನ ತೊಡಿ ನೋಡಿದ್ರಿ? ಈಗ ಬಿಡ್ರಿ, ಆಗ ತೇಗಿನ ಬಡ್ಡಿ ಇದ್ದಂಗಿದ್ವು. ಮೊದಲನೇ ಸಲಕ್ಕ ಹೊರಳಿನ ತನಕ ಸರಸರ ಬಂದ್ನಿ. ನೋಡ್ತೀನಿ, ನಡುರಸ್ತ್ಯಾಗ ಕಾಕಾ ಕೈ ಕಟ್ಕೊಂಡು ನಿಂತಾನ.

"ಏನ ತಮ್ಮಾ, ಆರಾಮ?"

ನಾ ವಿಚಾರ ಮಾಡೂಕಿಂತ ಮೊದಲ ನನ್ನ ಕಾಲು ತಾನ ಇಳೀತು. ಮಾಳಮಡ್ಡಿ ಚಾಳಿ!

"ಕಾಲು ಊರಿದಿ," ಅಂದ ಕಾಕಾ.

"ನೀವು ಹಿರ್ಯಾರು ಎದುರಿಗೆ ನಿಂತ್ರಿ, ಇಳೀದ ಹೆಂಗ ಹೋಗ್ಲಿ?"

"ಅದೂ ಖರೇನ. ಇಳೀದ ಹೋಗಿದ್ರ, ಮರ್ಯಾದಿಲ್ಲದಾಂವಗ ಹುಡುಗಿ ಕೊಡಾಂಗಿಲ್ಲ ಅಂತ ಹೇಳಾಂವಿದ್ನಿ."

ನೋಡ್ರಿ ಹೆಂಗ ಸಿಗಸಿದ! ಇಳದ್ರ ಪಣ ಹೋತು, ಇಳೀದಿದ್ರ ಹೆಣ್ಣು ಹೋತು.

ಎರಡನೇ ಸಲ ಅಂವ ಊಟಕ್ಕ ಕುಂತ ಹೊತ್ತು ನೋಡಿ ಹೋದ್ನಿ. ಕೈಯಾಗ ರೊಟ್ಟಿ ಹಿಡಕೊಂಡ ಬಂದು ನಿಂತಿದ್ದ. ಮೂರನೇ ಸಲ ನಾ ಒಂದು ಯುಕ್ತಿ ಮಾಡಿದ್ನಿ. ಕಂಡ್ರ ತಾನ ಇಳೀಬೇಕು? ಕಾಣದಿದ್ರ? ಹೊರಳು ಹತ್ರ ಬಂತಂದ ಕೂಡ್ಲೆ ಟಾವೆಲ್ ಕಣ್ಣಿನ ಮ್ಯಾಲೆ ಎಳಕೊಂಡು ಜೋರಿಲೆ ತುಳದ್ನಿ. "ಏನ ತಮ್ಮಾ" ಅಂತ ಕೇಳಿಸ್ತು. ಕೇಳದಂಗ ಮಾಡಿದ್ನಿ. ಆಮ್ಯಾಲೆ ಏನೋ ಧಡಲ್ ಅಂತು, ನಾ ಗಾಳ್ಯಾಗ ಹಾರಿ ಮೆತ್ತಗಿನ ಜಾಗಾದಾಗ ಬಿದ್ನಿ. ಟಾವೆಲ್ ತಗದು ನೋಡ್ತೀನಿ, ಕಾಕಾನ ಗಾಡ್ಯಾಗ, ಎತ್ತಿನ ಹುಲ್ಲಿನ ಮ್ಯಾಲೆ ಅಂಗಾತ ಮಲಗೇನಿ. ಸೈಕಲ್ ಹೊರಗ ಮಲಗೈತಿ.

ಕಾಕಾ ಮೀಸಿ ತಿರುವಿದ. "ಶಾಣ್ಯಾ ಆದಿ ತಮ್ಮಾ! ಕಡೀಕೂ ಸೈಕಲ್ ಬಿಟ್ಟು ಗಾಡಿ ಹತ್ತಿದಿ."

ಬುವಾನ ತಂಬೂರಿ

ದಸರಾ ಮುಂದ ಮ್ಯಾಲಿನೂರ ಮಠದಾಗ ಹಾಡಾಕ ಧಾರವಾಡದ ಒಬ್ಬ ಸಂಗೀತದ ಬುವಾನ ಕರಸಿದ್ರು. ಗಾಡಿ ಸಿಗಲಿಲ್ಲ, ನನ್ನ ಕ್ಯಾರಿಯರ್ ಸಿಕ್ತು. ಬುವಾ ದೊಡ್ಡ ಹೊಟ್ಟಿ ಮನಶಾ. ಹಿಂದ ಕುಂತ, ತಂಬೂರಿ ಮಗ್ಗಲದಾಗ ಕೂಸಿನಂಗ ಅವಚಿಕೊಂಡ. ಹೊಂಡೂಕಿಂತ ಮೊದಲ ತಾಸುಗಟ್ಟಲೆ ಕಿವಿ ತಿರುವಿ ಶ್ರುತಿ ಮಾಡಿದ್ದ.

"ಹಗೂರಕ ನಡಸೋ ಮಾರಾಯಾ. ಶ್ರುತಿ ಹೋದ್ರ ನನ್ನ ಮಾನ ಹೋಗ್ತೈತಿ."

ಗರಸು ಬಂತು. ತಂಬೂರಿ ತಾನ ಶುರು ಮಾಡ್ತು, ಝಂಯ್ ಝಂಯ್ ಝಂಯ್. ಬುವಾ ಪ್ರತಿ ಗುಂಡಿಗೂ "ಹಾಯ್ ಹಾಯ್" ಅಂತಾನ. ಕಾಡಿನಾಗಿನ ನವಿಲು ಉತ್ತರ ಕೊಡಾಕತ್ವು. ಅಂಥಾದ್ರಾಗ ಎದುರಿಗೆ ಆ ಕಡೆ ಊರಿನ ಗೌಡ್ರು ನಡಕೊಂಡು ಬಂದ್ರು. ನಾ ಇಳ್ಯಾಕ ಕಾಲು ಎತ್ತಿದ್ನಿ. ಆದ್ರ ಗೌಡ್ರೇ ರಸ್ತೆ ಬಿಟ್ಟು ಬಾಜೂಕ ಸರದು, ಚಪ್ಪಲಿ ಬಿಟ್ಟು ಬುವಾಗ ಕೈ ಮುಗದ್ರು! ನಾ ಕುಂತಲ್ಲೇ ಕುಂತು, ರಾಜಾನಂಗ ಸರ್ರನ ಹೋದ್ನಿ.

ತಲ್ಯಾಗ ದೀಪ ಹತ್ತಿತು ನೋಡ್ರಿ. ಕ್ಯಾರಿಯರ್ ಮ್ಯಾಲೆ ಹಿರೇ ಮನಶಾ ಇದ್ರ ನಾ ಇಳಿಯೂದಲ್ಲ, ಎದುರಿನವ್ರ ಸರೀಬೇಕು! ಇವತ್ತ ಪಣ ಗೆಲ್ತೀನಿ ಅಂತ ಏರಿಗೆ ಬಿಟ್ನಿ. ಆದ್ರ ಹೊರಳಿನ್ಯಾಗ ಕಾಕಾನ ಮೀಸಿ ಕಂಡಿದ್ದ ತಡ, ಬುವಾ ಹಿಂದಿಂದ ನನ್ನ ಅಂಗಿ ಜಗ್ಗಿದ. "ಇಳಸೋ, ಇಳಸೋ! ಕಾಕಾ ನನಗಿಂತ ಎರಡು ವರ್ಷಕ್ಕ ಹಿರ್ಯಾ!"

ಇಬ್ಬರೂ ಇಳದ್ವಿ.

ಮಠದಾಗ ಬುವಾ ಅಳೂ ಮುಖಾ ಮಾಡಿ ತಂಬೂರಿ ಮೀಟಿದ. ಮೀಟಿ ಹಂಗ ಕುಂತ. ಇನ್ನೊಮ್ಮೆ ಮೀಟಿದ. ಕಣ್ಣಾಗ ನೀರು. "ಏನಾತ್ರಿ ಬುವಾ, ಕೆಟ್ಟೈತೇನ್ರಿ?" ಅಂದ್ನಿ.

"ಕೆಟ್ಟಿಲ್ಲೋ! ಹನ್ನೆರಡು ವರ್ಷ ನನ್ನ ಗುರುಗಳು ಬೈದ್ರೂ ಹತ್ತದ ಶ್ರುತಿ ಇವತ್ತು ಹತ್ತೈತಿ!"

ಅಲ್ಲಿಂದ ಮುಂದ ಬುವಾ ಕಚೇರಿ ಇದ್ದಾಗೆಲ್ಲಾ ಪೇಢೆ ಅಂಗಡಿ ಮುಂದ ತಂಬೂರಿ ಹಿಡಕೊಂಡ ನಿಂತಿರ್ತಿದ್ದ. "ಇದನ್ನ ಒಂದು ಸಲ ಮುಗದದ ತನಕ ತಿರಗಾಡಿಸ್ಕೊಂಡ ಬಾರೋ!"

ಅಜ್ಜಿ ಹತ್ತಿದ್ಳು

ಪಾಡ್ಯ ಬಂತು. ಹುಬ್ಬಳ್ಳಿ ಗಂಡು ಮಧ್ಯಾಹ್ನಕ್ಕ ಮ್ಯಾಲಿನೂರಿಗೆ ಬರಾಂವಿದ್ದ. ಕಡೇ ಸಲ ಏರು ಏರಾಕ ಅಂತ ನಾ ಮುಂಜಾನೇನ ಸೈಕಲ್ ಹತ್ತಿದ್ನಿ. ಮುಗದಕ್ಕ ಬಂದ್ನಿ. ನೋಡ್ತೀನಿ, ಕೆರಿ ದಂಡಿಗೆ ಅಜ್ಜಿ ಕೋಲು ಹಿಡದು ನಿಂತಾಳ. ಹಬ್ಬಕ್ಕ ಅಂತ ಮುಗದದ ಮಗಳ ಮನಿಗೆ ಬಂದಿದ್ಳಂತ. ಕರಕೊಂಡು ಹೋಗಾಕ ಗಾಡಿ ಬರಬೇಕಾಗಿತ್ತು, ಆದ್ರ ಎತ್ತಿನ ಕಾಲಿಗೆ ಪೆಟ್ಟಾಗೈತಿ ಅಂತ ಹೇಳಿ ಕಳಿಸಿದ್ದ ಕಾಕಾ.

"ನನ್ನ ಬಿಟ್ಟು ಗಂಡು ನೋಡ್ತಾನೇನು ನನ್ನ ಮಗಾ?" ಅಜ್ಜಿ ಸಿಟ್ಟಿಲೆ ಕೋಲು ನೆಲಕ್ಕ ಕುಟ್ಟಿದ್ಳು. "ಏ ಪೇಢೆ ತಮ್ಮಾ, ಇದರ ಮ್ಯಾಲೆ ಎಲ್ಲಿ ಕುಂದರಬೇಕು?"

ನನಗ ಬುವಾನ ನೆನಪಾತು. ಕಾಕಾಗಿಂತ ಹಿರ್ಯಾರು ಊರಾಗ ಯಾರದಾರ? ಅವನ ಅವ್ವನ!

"ಹಿಂದ ಕುಂದರ್ರಿ ಅಜ್ಜಿ. ನನ್ನ ಗಟ್ಟಿ ಹಿಡಕೋರಿ."

"ನಿನ್ನ ಯಾಕ ಹಿಡೀಲಿ? ನನ್ನ ಕೋಲು ಹಿಡೀತೀನಿ."

ಅಡ್ಡ ಕುಂತ್ಳು. ಹಗೂರ ಅಂದ್ರ ಹಗೂರ, ಒಂದು ಡಬ್ಬಿ ಪೇಢೆಗಿಂತ ಹಗೂರ. ಗರಸಿಗೆ ಬಂದ್ವಿ. ಮೊದಲನೇ ಇಳಕಲಿಗೆ "ಯವ್ವಾ" ಅಂದ್ಳು. ಎರಡನೇದಕ್ಕ ಕಿಲಕಿಲ ನಕ್ಕಳು. ಮೂರನೇದಕ್ಕ ಕೋಲಿಲೆ ನನ್ನ ಪಕ್ಕಡಿಗೆ ತಿವಿದು "ಹೈ! ಹೈ! ಓಡಸೋ!" ಅಂತ ಎತ್ತಿಗೆ ಅಂದಂಗ ಅನ್ನಾಕತ್ತಿದ್ಳು. ಎಂಬತ್ತು ದಾಟಿದಾಕಿ! "ಇಷ್ಟು ವರ್ಷ ಆ ಗಾಡ್ಯಾಗ ಕುಂತು ಸೊಂಟಾ ಮುರಕೊಂಡ್ನೆಲ್ಲೋ, ಇದರ ಸುದ್ದಿ ಯಾರೂ ಹೇಳಲಿಲ್ಲ ನನಗ!"

ಹಳ್ಳ ದಾಟಿದ್ವಿ. ಏರು ಶುರು ಆತು. ನಾ ಹಲ್ಲು ಕಚ್ಚಿ ತುಳ್ಯಾಕತ್ನಿ. ಏನ ಆಶ್ಚರ್ಯ ಹೇಳಲಿ, ಏರು ಕಡಿದಾದಂಗ ಸೈಕಲ್ ಹಗೂರ ಆಗಾಕತ್ತಿತು! ತುಳದೊಮ್ಮೆ ಹಿಂದಿಂದ ಯಾರೋ ನೂಕಿದಂಗ. ನಾ ಮನಸಿನ್ಯಾಗ ಅಂದ್ನಿ, ಶಾಬಾಸ್ ಮಗನ, ಇದು ತೊಡಿ ಅಂದ್ರ ತೊಡಿ!

ಹೊರಳು ಬಂತು. ಕಾಕಾ ನಿಂತಾನ. ಹಬ್ಬದ ಹೊಸಾ ಪಟಗಾ, ಎಣ್ಣಿ ಹಚ್ಚಿದ ಮೀಸಿ, ಕಟ್ಟಿದ ಕೈ.

"ಏನ ತಮ್ಮಾ, ಆರಾ..."

"ದಾರಿ ಬಿಡೋ ಬಾಡ್ಯಾ!" ಹಿಂದಿಂದ ಅಜ್ಜಿ ಚೀರಿದ್ಳು.

ಕಾಕಾನ ಕೈ ಬಿಚ್ಚಿದ್ವು, ಬಾಯಿ ತೆರೀತು, ಚಪ್ಪಲಿ ತಾವ ಕಾಲು ಬಿಟ್ವು. ಬಾಜೂಕ ಸರದು "ಅವ್ವಾ!" ಅಂತ ಬಗ್ಗಿ ನಮಸ್ಕಾರ ಮಾಡಿದ. ಆ ನಮಸ್ಕಾರದ ಬಾಜೂಲೆ ನಾವು ಗರಗರ ಅಂತ ದಾಟಿ, ಆಲದ ಗಿಡಾ ಮುಟ್ಟಿ, ಗಿಡಾ ಸುತ್ತಿ ಇನ್ನೊಂದು ಸುತ್ತು ಹಾಕಿದ್ವಿ. ಇನ್ನೊಮ್ಮೆ ಸುತ್ತಸು ಅಂತ ಅಜ್ಜಿನೇ ಅಂದ್ಳು.

ಊರು ಕೂಡಿತು. ಹುಬ್ಬಳ್ಳಿ ಗಂಡು ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಕಟ್ಟಿ ಮ್ಯಾಲೆ ಕುಂತು ನೋಡಾಕತ್ತಿದ್ದ. ನಾ ಸೈಕಲ್ ಮ್ಯಾಲೇ ಕುಂತು ಗಿಡಕ್ಕ ಒಂದು ಕೈ ಹಚ್ಚಿ ಹೇಳಿದ್ನಿ, "ಕಾಕಾರ, ಹಳ್ಳದಿಂದ ಇಲ್ಲೀತನಕ ಕಾಲು ಊರಿಲ್ಲ!"

ಕಾಕಾ ಗಾಡಿ ಹೊಡಿಯೂ ಮನಶಾ, ರಸ್ತೆ ಓದಾಂವ.  ಬಗ್ಗಿ ಗರಸು ನೋಡ್ಕೋತ ಹಳ್ಳದ ತನಕ ಹೋಗಿ ಹೊಳ್ಳಿ ಬಂದ. ಮುಖದಾಗ ಗೆದ್ದ ಕಳೆ.

"ಗಾಲಿ ಗೆರಿ ಐತಿ, ಖರೇ. ಆದ್ರ ಗೆರಿ ಬಾಜೂಕ ಮಾರು ಮಾರಿಗೊಂದು ತೂತು ಅದಾವಲ್ಲ, ಹಳ್ಳದಿಂದ ಆಲದ ಗಿಡದ ತನಕ, ಅವು ಏನು?"

ನನಗ ತಿಳೀಲಿಲ್ಲ. ಹಿಂದ ಹೊಳ್ಳಿ ನೋಡಿದ್ನಿ. ಅಜ್ಜಿ ಕೋಲಿನ ತುದಿಗೆ ಹತ್ತಿದ ಕೆಂಪು ಮಣ್ಣು ಸೆರಗಿಲೆ ಒರಸಾಕತ್ತಿದ್ಳು. ಹರಗೋಲು ನೂಕಿದಂಗ ಏರಿನುದ್ದಕ್ಕೂ ನೂಕ್ಯಾಳ ಮುದುಕಿ! ನನ್ನ ತೊಡಿ ಅಂತ ಉಬ್ಬಿದ್ನೆಲ್ಲಾ ನಾನು!

"ಪಣ ಹೋತು!" ಅಂದ ಕಾಕಾ. ಹುಬ್ಬಳ್ಳಿ ಗಂಡು ಇಸ್ತ್ರಿ ಸರಿ ಮಾಡ್ಕೊಂಡು ಎದ್ದು ನಿಂತ. ಬಾಗಲ ಹಿಂದ ಬಳಿ ಸಪ್ಪಳ ನಿಂತು ಹೋತು. 

ಅಜ್ಜಿ ಕೋಲು ಎತ್ತಿ ಮಗನ ಮೂಗಿನ ಮುಂದ ಹಿಡದ್ಳು. "ಏನು ಹೇಳಿದ್ದಿ ನೀ? ಕಾಲು ಊರಬಾರದು ಅಂದಿದ್ದಿ. ಕೋಲು ಊರಬಾರದು ಅಂದಿದ್ಯೇನು?"

ಕಾಕಾ ಮತ್ತೊಮ್ಮೆ ಬಗ್ಗಿ ತೂತು ಎಣಸಾಕತ್ತಿದ.  

"ಮತ್ತ ಕೇಳು," ಅಂದ್ಳು ಅಜ್ಜಿ. "ಇಂಥಾ ಮಜಾದ ಹುಡುಗನ್ನ ನೀ ಅಳಿಯ ಮಾಡ್ಕೊಳ್ಳೂದಿಲ್ಲ ಅಂದ್ರ ಈಗ ಹೇಳು. ನಾನ ಲಗ್ನಾ ಆಗ್ತೇನಿ!"

ಊರು ಹೊಟ್ಟಿ ಹಿಡಕೊಂಡು ಬಿತ್ತು. ಬಾಗಲ ಹಿಂದಿಂದ ಅದ ನಗಿ, ಪೇಢೆ ದಿನದ ನಗಿ, ಹೊರಗ ಬಂತು. ಅವತ್ತ ಮೊದಲ ಸಲ ಕಾಕಾನ ಮೀಸಿ ಕೆಳಗ ನಾಕು ಹಲ್ಲು ಕಂಡ್ವು. ಹುಬ್ಬಳ್ಳಿ ಗಂಡು ಸುದ್ದಾ ನಕ್ಕೋತ ಊಟಾ ಮಾಡಿ ಹೋದ.

ಕಾರ್ತೀಕ ಕಳದು ಲಗ್ನ ಆತು. ಕೂಡಿದ ಪೇಢೇನ ಹಂಚಿದ್ರು, ಬುವಾ ಗರಸಿನ ಶ್ರುತ್ಯಾಗ ಹಾಡಿದ. ಅಕ್ಕಿಕಾಳು ಹಾಕೂ ಹೊತ್ತು ಬಂತು. ನಾ ಬಾಸಿಂಗ ಕಟ್ಕೊಂಡು ತಲಿ ಬಗ್ಗಿಸಿ ನಿಂತೇನಿ. ಕಾಕಾ, ಅಂದ್ರ ಈಗ ಮಾವ, ಮುಷ್ಟಿ ತುಂಬ ಅಕ್ಕಿಕಾಳು ತುಂಬ್ಕೊಂಡು ಬಂದ. ಬಂದಾಂವ ನನ್ನ ದಾಟಿ ಹೋದ! ಸೀದಾ ಮುಂದ ಕುಂತ ಅಜ್ಜಿ ಕಡೆ ಹೋಗಿ ಅರ್ಧಾ ಅಕ್ಕಿಕಾಳು ಆಕಿ ಕೋಲಿನ ಮ್ಯಾಲೆ ಹಾಕಿ ಕೈ ಮುಗದ. ಆಮ್ಯಾಲೆ ನನ್ನ ಕಡೆ ಹೊಳ್ಳಿ, ಉಳದದ್ದು ತಲಿ ಮ್ಯಾಲೆ ಹಾಕ್ಕೋತ ಎಲ್ಲಾರಿಗೂ ಕೇಳೂವಂಗ ಹೇಳಿದ:

"ಏರು ಏರಿಸಿದ ಕೋಲಿಗೆ ಮೊದಲು. ಬರೇ ಕುಂತು ಬಂದಾಂವಗ ಆಮ್ಯಾಲೆ."